ವಜ್ರದ ಬಿಲ್ಲಿನಲ್ಲಿ ಕಟ್ಟಿಂಗ್‌ಗೂ ಒಂದು ಸಾಲು ಇರಲಿ

ಮಾನ್ಯ ಸಂಪಾದಕರೇ,

ಮದುವೆಯ ಹಂಗಾಮು ಹತ್ತಿರವಾದಂತೆ ನಿಮ್ಮ ಪತ್ರಿಕೆಯ ಮಂಗಳೂರು ಮತ್ತು ಉಡುಪಿ ಪುಟಗಳಲ್ಲಿ ವಜ್ರಾಭರಣಗಳ ಜಾಹೀರಾತುಗಳು ಹೆಚ್ಚುತ್ತಿವೆ. ‘ಪ್ರತಿ ಕ್ಯಾರೆಟ್ ವಜ್ರಕ್ಕೆ ಇಷ್ಟು ಸಾವಿರ ರೂಪಾಯಿ ಕಡಿತ’, ‘ಎಲ್ಲ ವಜ್ರಗಳೂ ಸರ್ಟಿಫೈಡ್’, ಬಣ್ಣ ಮತ್ತು ಒಳದೋಷದ ಮಟ್ಟ ಹೇಳುವ ‘ಇಎಫ್–ವಿವಿಎಸ್’ ಎಂಬ ಮಾತುಗಳು ಅವುಗಳಲ್ಲಿ ದಪ್ಪ ಅಕ್ಷರದಲ್ಲಿರುತ್ತವೆ. ಜಾಹೀರಾತು ಕೊಡುವವರ ಬಗ್ಗೆಯಾಗಲಿ, ಪ್ರಕಟಿಸುವವರ ಬಗ್ಗೆಯಾಗಲಿ ನನಗೆ ತಕರಾರಿಲ್ಲ. ಆದರೆ ಅದೇ ಪತ್ರಿಕೆಯ ಧಾರಣೆಯ ಅಂಕಣದಲ್ಲಿ ಅಡಿಕೆಗೆ ಹೊಸತು, ಹಳತು, ಪಟೋರ, ಉಳ್ಳಿ, ಕೋಕ ಎಂದು ಒಂದೊಂದಕ್ಕೂ ಬೇರೆ ದರ ಇರುವಾಗ, ಅದಕ್ಕಿಂತ ಎಷ್ಟೋ ಹೆಚ್ಚು ತರಗಳಿರುವ ವಜ್ರವನ್ನು ‘ಕ್ಯಾರೆಟ್‌ಗೆ ಇಷ್ಟು’ ಎಂಬ ಒಂದೇ ಮಾತಿನಲ್ಲಿ ಮಾರುವುದನ್ನು ನಮ್ಮ ಎರಡೂ ಜಿಲ್ಲೆಗಳ ಗ್ರಾಹಕರು ಪ್ರಶ್ನಿಸದೆ ಒಪ್ಪಿಕೊಂಡಿರುವುದು ನನಗೆ ಸೋಜಿಗವೆನಿಸುತ್ತದೆ. ವಜ್ರದ ಹೊಳಪನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರ ಕಟ್ಟಿಂಗ್, ಅಂದರೆ ಹರಳನ್ನು ಕತ್ತರಿಸಿ ಮುಖಗಳನ್ನು ಉಜ್ಜಿದ ಬಗೆ. ನಮ್ಮ ಕಡೆಯ ಬಿಲ್ಲುಗಳಲ್ಲಿ, ಕಾರ್ಡುಗಳಲ್ಲಿ ಸಾಮಾನ್ಯವಾಗಿ ಕಾಣಿಸದೇ ಹೋಗುವುದೂ ಅದೇ. ಈ ಪತ್ರ ಬರೆಯಲು ಕಾರಣ ಇಷ್ಟೆ.

ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದ ನನ್ನಲ್ಲಿಗೆ ನೆರೆಕರೆಯವರು ಆಗಾಗ ಹೊಸ ಒಡವೆಯ ಜೊತೆ ಬಂದ ಕಾರ್ಡನ್ನು ತಂದು ‘ಇದರಲ್ಲಿ ಏನು ಬರೆದಿದೆ, ಸ್ವಲ್ಪ ನೋಡಿ ಹೇಳಿ ಸರ್’ ಎನ್ನುವುದುಂಟು. ಇತ್ತೀಚೆಗೆ ನೋಡಿದ ಒಂದು ಕಾರ್ಡಿನಲ್ಲಿ ಇದ್ದದ್ದು ಹೀಗೆ: ದುಂಡು ವಜ್ರಗಳು 14, ಒಟ್ಟು ಅಂದಾಜು ತೂಕ 1.12 ಕ್ಯಾರೆಟ್, ಬಣ್ಣ ಇ–ಎಫ್, ಕ್ಲಾರಿಟಿ (ಒಳದೋಷ ಎಷ್ಟು ಕಡಿಮೆ ಎಂಬ ಅಳತೆ) ವಿವಿಎಸ್–ವಿಎಸ್. ಅದರ ಕೆಳಗೆ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ಹರಳುಗಳನ್ನು ಒಡವೆಯಲ್ಲಿ ಕೂರಿಸಿದ ಸ್ಥಿತಿಯಲ್ಲಿ ಸಾಧ್ಯವಾದ ಮಟ್ಟಿಗೆ ಪರೀಕ್ಷಿಸಲಾಗಿದೆ ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು. ಮನೆಯವರು ‘ಒಂದು ಕ್ಯಾರೆಟ್‌ಗಿಂತ ಮೇಲಿನ ವಜ್ರ’ ಎಂದು ಸಂತೋಷದಲ್ಲಿದ್ದರು. ಸುಳ್ಳೇನೂ ಅಲ್ಲ, ಆದರೆ ಹದಿನಾಲ್ಕು ಹರಳುಗಳಿಗೆ ಹಂಚಿದರೆ ಒಂದೊಂದು ಸರಾಸರಿ ಎಂಟು ಸೆಂಟ್ ಮಾತ್ರ.

ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಅದರ ನೂರನೇ ಒಂದು ಭಾಗ ಒಂದು ಸೆಂಟ್. ಚೆನ್ನಾಗಿ ಕತ್ತರಿಸಿದ ಒಂದು ಕ್ಯಾರೆಟ್‌ನ ದುಂಡು ವಜ್ರದ ಅಡ್ಡಳತೆ ಸುಮಾರು 6.5 ಮಿಲಿಮೀಟರ್ ಇದ್ದರೆ ಎಂಟು ಸೆಂಟಿನದ್ದು ಮೂರು ಮಿಲಿಮೀಟರಿಗೂ ಕಡಿಮೆ. ದೊಡ್ಡ ಹರಳು ಭೂಮಿಯಲ್ಲಿ ಅಪರೂಪಕ್ಕೆ ಸಿಗುವುದರಿಂದ ತೂಕ ಹೆಚ್ಚಿದಂತೆ ಕ್ಯಾರೆಟ್ ದರವೂ ಏರುತ್ತದೆ. ಹಾಗಾಗಿ ಹದಿನಾಲ್ಕು ಸಣ್ಣ ಹರಳುಗಳ ಒಟ್ಟು ಬೆಲೆಗೂ ಅಷ್ಟೇ ತೂಕದ ಒಂದು ಹರಳಿನ ಬೆಲೆಗೂ ಹೋಲಿಕೆಯೇ ಇರುವುದಿಲ್ಲ. ಇದು ಇಂದಿನ ವ್ಯಾಪಾರಿಗಳು ಕಂಡುಹಿಡಿದ ಲೆಕ್ಕವಲ್ಲ. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯ ವಜ್ರಪರೀಕ್ಷೆಯಲ್ಲಿ ಎಂಟು ಬಿಳಿ ಸಾಸಿವೆಗೆ ಒಂದು ಅಕ್ಕಿಕಾಳು ಎಂಬ ತೂಕ ಹೇಳಿ, ಇಪ್ಪತ್ತು ಅಕ್ಕಿಕಾಳು ತೂಗುವ ವಜ್ರಕ್ಕೆ ಎರಡು ಲಕ್ಷ ಬೆಲೆ ಕಟ್ಟಲಾಗಿದೆ. ತೂಕ ಹತ್ತು ಕಾಳಿಗೆ ಇಳಿದರೆ ಬೆಲೆ ಅರ್ಧವಾಗುವುದಿಲ್ಲ, ಐದನೇ ಒಂದು ಪಾಲಿಗೆ ಕುಸಿಯುತ್ತದೆ. ಕಾಕಪದ, ನೊಣ, ಕೂದಲು ಎಂದು ಹರಳಿನೊಳಗಿನ ದೋಷಗಳನ್ನೂ ಅಲ್ಲಿ ಹೆಸರಿಸಲಾಗಿದೆ. ಭೂತಗನ್ನಡಿಯಲ್ಲಿ ಗರಿಯಂತೆ ಹರಡಿದ ಒಳಬಿರುಕನ್ನು ನೋಡಿದವರಿಗೆ ಕಾಗೆಯ ಹೆಜ್ಜೆ ಎಂಬ ಹೆಸರು ಎಷ್ಟು ನಿಖರ ಎಂಬುದು ಹೊಳೆಯದೇ ಇರದು.

ಈಗ ವ್ಯಾಪಾರದಲ್ಲಿ ಎಲ್ಲೆಡೆ ಆಧಾರವಾಗಿರುವುದು 1978ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ರ‍್ಯಾಪಪೋರ್ಟ್ ದರಪಟ್ಟಿ. ಪ್ರತಿ ವಾರ ಬರುವ ಈ ಪಟ್ಟಿಯಲ್ಲಿ ತೂಕದ ಗುಂಪಿಗೊಂದು ಚೌಕ. ಚೌಕದ ಒಂದು ಬದಿಗೆ ಬಣ್ಣ, ಇನ್ನೊಂದು ಬದಿಗೆ ಕ್ಲಾರಿಟಿ. ಸಗಟು ವ್ಯಾಪಾರಿಗಳು ಆ ದರಕ್ಕೆ ಶೇಕಡಾ ಇಷ್ಟು ಕಡಿಮೆ ಎಂದು ಮಾತನಾಡಿಕೊಳ್ಳುತ್ತಾರೆಯೇ ಹೊರತು ಅದೇ ಅಂತಿಮ ಬೆಲೆಯಲ್ಲ. 90ರಿಂದ 99 ಸೆಂಟ್ ಒಂದು ಗುಂಪು, ಒಂದು ಕ್ಯಾರೆಟ್‌ನಿಂದ ಮುಂದೆ ಇನ್ನೊಂದು ಗುಂಪು. 99 ಸೆಂಟಿಗೂ ಒಂದು ಕ್ಯಾರೆಟಿಗೂ ಇರುವ ವ್ಯತ್ಯಾಸ ಎರಡು ಮಿಲಿಗ್ರಾಂ, ಕಣ್ಣಿಗೆ ಕಾಣುವುದೇ ಇಲ್ಲ. ದರ ಮಾತ್ರ ಅಲ್ಲಿ ಮೆಟ್ಟಿಲು ಹತ್ತುತ್ತದೆ. ಹೆಸರಿಗೆ ಒಂದು ಕ್ಯಾರೆಟ್ ಬೇಕೆಂಬ ಹಟವಿಲ್ಲದವರು 92–95 ಸೆಂಟಿನ ಒಳ್ಳೆಯ ಕಟ್ಟಿಂಗ್‌ನ ಹರಳು ಕೇಳಿದರೆ ಲಾಭ ಅವರದ್ದೇ.

ಬಣ್ಣ ಮತ್ತು ಕ್ಲಾರಿಟಿಯ ಅಕ್ಷರಗಳ ಹಿಂದಿರುವುದು ಅಮೆರಿಕದಲ್ಲಿ 1931ರಲ್ಲಿ ಆರಂಭವಾದ ಜಿಐಎ ಎಂಬ ರತ್ನಶಾಸ್ತ್ರ ಸಂಸ್ಥೆ 1950ರ ದಶಕದಲ್ಲಿ ರೂಪಿಸಿದ ಮಾಪನ. ಬಣ್ಣದ ಶ್ರೇಣಿ ‘ಡಿ’ಯಿಂದ ‘ಝಡ್’ವರೆಗೆ. ಅದಕ್ಕೂ ಮೊದಲು ವ್ಯಾಪಾರಿಗಳು ‘ಎ’, ‘ಎಎ’, ‘ಎಎಎ’ ಎಂದೆಲ್ಲ ಮನಸ್ಸಿಗೆ ಬಂದಂತೆ ಕರೆಯುತ್ತಿದ್ದುದರಿಂದ ಆ ಅಕ್ಷರಗಳ ಗೊಡವೆಯೇ ಬೇಡವೆಂದು ‘ಡಿ’ಯಿಂದ ಶುರುಮಾಡಿದರು. ಡಿ, ಇ, ಎಫ್ ಬಣ್ಣವಿಲ್ಲದವು. ಜಿ ಇಂದ ಜೆವರೆಗೆ ಬಹುತೇಕ ಬಣ್ಣವಿಲ್ಲದವು. ಮುಂದೆ ಹಳದಿ ಅಥವಾ ಕಂದು ಛಾಯೆ ಮೆಲ್ಲನೆ ಏರುತ್ತದೆ. ಇದನ್ನು ತೀರ್ಮಾನಿಸುವಾಗ ಹರಳನ್ನು ಮಗುಚಿಟ್ಟು, ನಿಗದಿತ ಬೆಳಕಿನಲ್ಲಿ, ಬಣ್ಣ ಗೊತ್ತಿರುವ ಮಾದರಿ ಹರಳುಗಳ ಪಕ್ಕದಲ್ಲಿರಿಸಿ ನೋಡುತ್ತಾರೆ. ಹಳದಿ ಚಿನ್ನದಲ್ಲಿ ಕೂರಿಸಿದ ಮೇಲೆ ಚಿನ್ನದ ಬಣ್ಣವೇ ಹರಳಿನೊಳಗೆ ಪ್ರತಿಫಲಿಸುವುದರಿಂದ ‘ಇ’ಗೂ ‘ಎಫ್’ಗೂ ನಡುವಿನ ಅಂತರವನ್ನು ಖಚಿತವಾಗಿ ಹೇಳುವುದು ಪರಿಣತರಿಗೂ ಕಷ್ಟ. ಕಾರ್ಡಿನ ಆ ಸಣ್ಣ ಅಕ್ಷರದ ಸಾಲಿನ ತಾತ್ಪರ್ಯವೂ ಇದೇ. ಮನೆಯವರು ಹಳದಿ ಚಿನ್ನದ ಒಡವೆಯನ್ನೇ ಬಯಸುವವರಾದರೆ ‘ಡಿ’ ಬಣ್ಣಕ್ಕೆ ಹಣ ಸುರಿಯುವ ಅಗತ್ಯವಿಲ್ಲ. ಜಿ ಅಥವಾ ಎಚ್ ಸಾಕು ಎಂಬುದು ನನ್ನ ಅಭಿಪ್ರಾಯ.

ಕ್ಲಾರಿಟಿಗೆ ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಲೂಪ್‌ನಲ್ಲಿ ಕಾಣುವುದೇ ಪ್ರಮಾಣ. ಏನೂ ಕಾಣದ ಹರಳಿನಿಂದ ಮೊದಲಾಗಿ ತೀರಾ ಸೂಕ್ಷ್ಮ ದೋಷದ ವಿವಿಎಸ್, ಸೂಕ್ಷ್ಮ ದೋಷದ ವಿಎಸ್, ಸಣ್ಣ ದೋಷದ ಎಸ್‌ಐ, ಕೊನೆಗೆ ಬರಿಗಣ್ಣಿಗೇ ದೋಷ ಕಾಣಬಹುದಾದ ‘ಐ’ವರೆಗೆ ಒಟ್ಟು ಹನ್ನೊಂದು ತರಗಳಿವೆ. ವಿವಿಎಸ್‌ನ ಚುಕ್ಕೆಯನ್ನು ಲೂಪ್ ಹಿಡಿದ ಅನುಭವಿಯೂ ತಡಕಾಡಿ ಹುಡುಕಬೇಕು. ಮದುವೆ ಮನೆಯಲ್ಲಿ ಎದುರಿಗೆ ಕುಳಿತವರು ವಿವಿಎಸ್‌ಗೂ ವಿಎಸ್‌ಗೂ ಇರುವ ವ್ಯತ್ಯಾಸವನ್ನು ಕಾಣುವ ಪ್ರಶ್ನೆಯೇ ಏಳುವುದಿಲ್ಲ. ಎಂಟು ಸೆಂಟಿನ ಹರಳಿಗಂತೂ ಆ ಮಾತು ಹೆಚ್ಚಾಗಿ ಕಾಗದದ ಮೇಲಿನ ಸಮಾಧಾನ. ಆದರೂ ಅಂಗಡಿಯ ಮೇಜಿನ ಮೇಲೆ ಅತಿ ಹೆಚ್ಚು ಕೇಳಿಬರುವ ಪದ ವಿವಿಎಸ್. ಎರಡೆರಡು ತರಗಳನ್ನು ಜೋಡಿಸಿ ‘ವಿವಿಎಸ್–ವಿಎಸ್’ ಎಂದು ಬರೆದರೆ ನಾಲ್ಕು ಮೆಟ್ಟಿಲುಗಳು ಒಂದೇ ಮಾತಿನೊಳಗೆ ಸೇರಿಹೋಗುತ್ತವೆ, ಏಕೆಂದರೆ ವಿವಿಎಸ್ ಮತ್ತು ವಿಎಸ್ ಎರಡರಲ್ಲೂ ಒಂದು, ಎರಡು ಎಂಬ ಒಳಭೇದಗಳಿವೆ. ಗ್ರಾಹಕರು ಮೇಲಿನ ಮೆಟ್ಟಿಲನ್ನು ಓದಿಕೊಂಡು ಹಣ ಕೊಡುತ್ತಾರೆ. ಹರಳುಗಳು ಕೆಳಗಿನ ಮೆಟ್ಟಿಲಿನವೇ ಆಗಿದ್ದರೂ ಕಾರ್ಡು ತಪ್ಪಾಗುವುದಿಲ್ಲ.

ಇನ್ನು ಕಟ್ಟಿಂಗ್. ಬಣ್ಣ, ಕ್ಲಾರಿಟಿ, ತೂಕ ಮೂರೂ ನೆಲದೊಳಗಿಂದ ಬಂದ ಕಚ್ಚಾ ಹರಳಿನ ಹುಟ್ಟುಗುಣವನ್ನು ಅವಲಂಬಿಸಿದರೆ, ಇದೊಂದು ಮಾತ್ರ ಕುಶಲಕರ್ಮಿಯ ಕೈಯಲ್ಲಿದೆ. ಜಗತ್ತಿನ ಬಹುಪಾಲು ವಜ್ರಗಳು ಕತ್ತರಿಸಲ್ಪಡುವುದು ನಮ್ಮದೇ ಸೂರತ್‌ನಲ್ಲಿ ಎಂಬುದನ್ನು ನೆನೆದರೆ ನಮಗೆ ಈ ವಿಷಯದಲ್ಲಿ ಇನ್ನಷ್ಟು ಆಸಕ್ತಿ ಇರಬೇಕಾಗಿತ್ತು. ದುಂಡು ಬ್ರಿಲಿಯಂಟ್ ಎನ್ನುವ ಕಟ್ಟಿಂಗ್‌ನಲ್ಲಿ 57 ಮುಖಗಳಿರುತ್ತವೆ, ತಳದ ಚೂಪನ್ನೂ ಉಜ್ಜಿದ್ದರೆ 58. ವಜ್ರದ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಪ್ರಮಾಣ, 2.42 ಇರುವುದರಿಂದ ಒಳಹೊಕ್ಕ ಬೆಳಕು ತಳಭಾಗದ ಮುಖಗಳಿಗೆ ಸರಿಯಾದ ಕೋನದಲ್ಲಿ ಬಡಿದರೆ ಹೊರಗೆ ಹೋಗದೆ ಪೂರ್ಣವಾಗಿ ಹಿಂದಿರುಗಿ, ಮತ್ತೊಂದು ಮುಖಕ್ಕೆ ಬಡಿದು, ನೋಡುವವರ ಕಣ್ಣಿನತ್ತ ಮೇಲ್ಭಾಗದಿಂದಲೇ ಹೊರಬರುತ್ತದೆ. ಈ ಕೋನಗಳನ್ನು ಬೆಲ್ಜಿಯಂನ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್ಸ್ಕಿ 1919ರಲ್ಲಿ ಲೆಕ್ಕ ಹಾಕಿ ತೋರಿಸಿದ: ತಳಭಾಗಕ್ಕೆ ಸುಮಾರು 40.75 ಡಿಗ್ರಿ, ಮೇಲ್ಭಾಗಕ್ಕೆ ಸುಮಾರು 34.5 ಡಿಗ್ರಿ. ಇದೊಂದೇ ಸರಿ ಎಂದು ಈಗ ಯಾರೂ ಹೇಳುವುದಿಲ್ಲ, ಒಳ್ಳೆಯ ಫಲ ಕೊಡುವ ಬೇರೆ ಜೋಡಣೆಗಳೂ ಇವೆ. ಆದರೆ ತಳ ತೀರಾ ಚಪ್ಪಟೆಯಾದರೆ ಬೆಳಕು ಕೆಳಗೆ ಸೋರಿಹೋಗಿ ನಡುವೆ ಮೀನಿನ ಕಣ್ಣಿನಂತಹ ಬಿಳಿಚಿದ ಉಂಗುರ ಕಾಣಿಸುತ್ತದೆ, ತೀರಾ ಆಳವಾದರೆ ನಡುಭಾಗ ಕಪ್ಪಿಡುತ್ತದೆ.

ಕಟ್ಟಿಂಗ್ ಕೆಡುವುದು ಹೆಚ್ಚಾಗಿ ಕುಶಲತೆಯ ಕೊರತೆಯಿಂದಲ್ಲ, ತೂಕ ಉಳಿಸುವ ಆಸೆಯಿಂದ. ಕಚ್ಚಾ ಹರಳನ್ನು ಸರಿಯಾದ ಕೋನಕ್ಕೆ ಉಜ್ಜಿದರೆ 94 ಸೆಂಟ್ ಉಳಿಯುತ್ತದೆ, ಮೇಲ್ಭಾಗ, ತಳಭಾಗ ಸೇರುವಲ್ಲಿನ ಸೊಂಟದ ಪಟ್ಟಿಯನ್ನು ದಪ್ಪವಾಗಿಯೇ ಬಿಟ್ಟರೆ ಒಂದು ಕ್ಯಾರೆಟ್ ದಾಟುತ್ತದೆ ಎಂದಾದಾಗ, ದರಪಟ್ಟಿಯ ಆ ಮೆಟ್ಟಿಲು ಯಾವ ಕಡೆಗೆ ಕೈ ಎಳೆಯುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಗ್ರಾಹಕರು ಸೊಂಟದಲ್ಲಿ ಅಡಗಿದ ತೂಕಕ್ಕೆ ಹಣ ತೆತ್ತು, ನೋಡಲು 94 ಸೆಂಟಿನಷ್ಟೇ ಇರುವ, ಹೊಳಪಿನಲ್ಲಿ ಅದಕ್ಕಿಂತ ಹಿಂದಿರುವ ಹರಳನ್ನು ಮನೆಗೆ ಒಯ್ಯುತ್ತಾರೆ. ದುಂಡು ವಜ್ರಗಳಿಗೆ ಜಿಐಎ 2006ರಿಂದ ಕಟ್ಟಿಂಗ್‌ಗೆ ಪ್ರತ್ಯೇಕವಾಗಿ ಎಕ್ಸಲೆಂಟ್‌ನಿಂದ ಪೂರ್‌ವರೆಗೆ ಐದು ತರ ಕೊಡುತ್ತಿದೆ. ಬಿಡಿ ಹರಳಿನ ವರದಿಯಲ್ಲಿ ಅಡ್ಡಳತೆ, ಆಳ, ಕೋನಗಳು, ಸೊಂಟದ ದಪ್ಪ ಎಲ್ಲವೂ ಇರುತ್ತವೆ. ಒಡವೆಯ ಕಾರ್ಡಿನಲ್ಲಿ ಇವ್ಯಾವುವೂ ಇಲ್ಲದಿದ್ದರೆ ಕಾರ್ಡು ಕೊಟ್ಟವರನ್ನು ದೂರಿ ಫಲವಿಲ್ಲ. ದೊಡ್ಡ ಹರಳುಗಳಿಗಾದರೂ ಕೂರಿಸುವ ಮೊದಲೇ ಮಾಡಿಸಿದ ಬಿಡಿ ವರದಿಯನ್ನು ಕೇಳಿ ಪಡೆಯಬೇಕು. ಮೂವತ್ತು ಸೆಂಟಿಗಿಂತ ಮೇಲಿನ ಹರಳು ಇರುವ ಉಂಗುರವನ್ನು ಇಂತಹ ವರದಿಯಿಲ್ಲದೆ ಕೊಳ್ಳಬೇಡಿ ಎಂದೇ ನಾನು ಕೇಳಿದವರಿಗೆ ಹೇಳುವುದು.

ನಮ್ಮ ಕರಾವಳಿಯ ಮನೆಗಳಲ್ಲಿರುವ ಹಳೆಯ ಏಳು ಕಲ್ಲಿನ ಬೆಂಡೋಲೆಗಳ ವಿಷಯವನ್ನೂ ಇಲ್ಲಿ ಹೇಳಬೇಕು. ಅವುಗಳನ್ನು ಹೊಸ ವಿನ್ಯಾಸಕ್ಕೆ ಬದಲಾಯಿಸಲು ಒಯ್ದಾಗ ‘ಹಳೆ ಕಟ್ಟಿಂಗ್, ಬೆಲೆ ಇಲ್ಲ’ ಎಂಬ ಉತ್ತರ ಸಿಕ್ಕಿದ್ದನ್ನು ನಾಲ್ಕಾರು ಮನೆಯವರಿಂದ ಕೇಳಿದ್ದೇನೆ. ಹಿಂಬದಿ ಮುಚ್ಚಿ ಕೂರಿಸಿದ ಹರಳಿನ ಬಣ್ಣವನ್ನಾಗಲಿ ಆಳವನ್ನಾಗಲಿ ಮೇಲಿನಿಂದ ನೋಡಿ ಹೇಳಲು ಬರುವುದಿಲ್ಲ. ಹಿಂದೆ ಹೊಳಪಿನ ತಗಡು ಇಟ್ಟಿದ್ದರೆ ಅದರ ಬಣ್ಣವೇ ಹರಳಿನ ಬಣ್ಣವೆಂಬ ಭ್ರಮೆ ಹುಟ್ಟುತ್ತದೆ. ನಿಮ್ಮ ಕಣ್ಣೆದುರೇ ಹರಳು ಬಿಡಿಸಿ, ತೂಗಿ, ಆಮೇಲೆ ಬೆಲೆ ಹೇಳಲಿ. ಹಿರಿಯ ಹೆಂಗಸರು ಅಭಿಮಾನದಿಂದ ‘ಬ್ಲೂ ಜಾಗರ್’ ಎಂದು ಕರೆಯುವ ಹರಳುಗಳೂ ಇವುಗಳಲ್ಲಿ ಇರುತ್ತವೆ. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯ ಹೆಸರಿನಿಂದ ಬಂದ ಈ ಮಾತು, ಬಿಸಿಲಿನಲ್ಲಿ ನಸುನೀಲಿ ಬೀರುವ ಬಿಳಿ ವಜ್ರಗಳಿಗೆ ನಮ್ಮಲ್ಲಿ ನಿಂತುಹೋಗಿದೆ. ಆ ನೀಲಿಗೆ ಕಾರಣ ಪ್ರತಿದೀಪ್ತಿ, ಅಂದರೆ ನೇರಳಾತೀತ ಕಿರಣ ಬಿದ್ದಾಗ ಹರಳು ತಾನೇ ಬೆಳಕು ಸೂಸುವ ಗುಣ. ಅಂಗಡಿಯ ಗಲ್ಲಾದಲ್ಲಿ ನೋಟು ಪರೀಕ್ಷಿಸುವ ದೀಪದ ಕೆಳಗಿಟ್ಟರೂ ಕಾಣಬಹುದು. ಜಿಐಎ ಪರೀಕ್ಷಿಸುವ ವಜ್ರಗಳಲ್ಲಿ ಸುಮಾರು ಶೇ 25ರಿಂದ 35ರಷ್ಟರಲ್ಲಿ ಇದು ಇರುತ್ತದೆ. ಅಜ್ಜಿಯರು ಹೆಚ್ಚು ಹಣ ಕೊಟ್ಟು ಕೊಂಡ ಇದೇ ಗುಣಕ್ಕೆ ಇಂದಿನ ಮಾರುಕಟ್ಟೆ, ಉತ್ತಮ ಬಣ್ಣದ ಹರಳುಗಳಲ್ಲಿ, ಬೆಲೆ ಕಡಿಮೆ ಮಾಡುತ್ತದೆ. ಹರಳು ಬದಲಾಗಿಲ್ಲ; ಕೊಳ್ಳುವವರ ರುಚಿ ಬದಲಾಗಿದೆ. ತರ ಬೇರೆ, ಬೆಲೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರಗಳು ಬಂದ ಮೇಲಂತೂ ಈ ಅಂತರ ಇನ್ನೂ ದೊಡ್ಡದಾಗಿದೆ. ಅವು ನಕಲಿ ಅಲ್ಲ. ಇಂಗಾಲದ ಅದೇ ಸ್ಫಟಿಕ, ಅದೇ ಕಾಠಿಣ್ಯ, ಅದೇ ಹೊಳಪು. ಅಂಗಡಿಯಲ್ಲಿ ಪೆನ್ನಿನಂತಹ ಉಪಕರಣವನ್ನು ಹರಳಿಗೆ ತಾಗಿಸಿ ದೀಪ ಹತ್ತಿಸಿ ತೋರಿಸುವುದು ಶಾಖವಾಹಕತೆಯ ಪರೀಕ್ಷೆ, ಬೆಳೆಸಿದ ವಜ್ರಕ್ಕೂ ಅದು ಹಾಗೆಯೇ ಹತ್ತುತ್ತದೆ. ಮಾಯಿಸನೈಟ್ ಎಂಬ ವಜ್ರವೇ ಅಲ್ಲದ ಹರಳು ಕೂಡ ಸಾಮಾನ್ಯ ಪೆನ್ನನ್ನು ಯಾಮಾರಿಸುತ್ತದೆ. ಗಣಿಯ ವಜ್ರಗಳಲ್ಲಿ ಬಹುಪಾಲಿನಲ್ಲಿ ಸಾರಜನಕದ ಪರಮಾಣುಗಳು ಗುಂಪುಗೂಡಿರುತ್ತವೆ, ಬೆಳೆಸಿದವುಗಳಲ್ಲಿ ಹಾಗಿರುವುದಿಲ್ಲ ಎಂಬಂತಹ ಸೂಕ್ಷ್ಮಗಳನ್ನು ಹಿಡಿದು ಪ್ರಯೋಗಾಲಯದ ಯಂತ್ರಗಳು ಬೇರ್ಪಡಿಸುತ್ತವೆಯೇ ಹೊರತು ಕಣ್ಣಿಗೆ, ಲೂಪ್‌ಗೆ ಅದು ಸಾಧ್ಯವಿಲ್ಲ. ಒಂದೇ ತೂಕದ, ಒಂದೇ ಬಣ್ಣದ, ಒಂದೇ ಕ್ಲಾರಿಟಿಯ ಎರಡು ಹರಳುಗಳಲ್ಲಿ ಬೆಳೆಸಿದ್ದು ಗಣಿಯದ್ದಕ್ಕಿಂತ ಬಹಳ ಅಗ್ಗ. ಬೇಕಾದಷ್ಟು ಬೆಳೆಸಬಹುದಾದ್ದರಿಂದ ಅದರ ದರ ಕೆಲವು ವರ್ಷಗಳಿಂದ ಇಳಿಯುತ್ತಲೇ ಬಂದಿದೆ. ಉಡಲು, ತೊಡಲು ಅದು ಚೆನ್ನಾಗಿಯೇ ಇದೆ, ನಾನು ಬೇಡವೆನ್ನುವವನಲ್ಲ. ಆದರೆ ಬರೇ ‘ವಜ್ರ’ ಎಂದು ಬರೆದರೆ ಗಣಿಯದ್ದು ಎಂದೇ ಅರ್ಥ, ಬೆಳೆಸಿದ್ದಾದರೆ ಹಾಗೆಂದು ಸ್ಪಷ್ಟವಾಗಿ ನಮೂದಿಸಬೇಕು ಎಂದು 2015ರ ಅಂತಾರಾಷ್ಟ್ರೀಯ ಮಾನಕ ಐಎಸ್ಒ 18323 ಹೇಳುತ್ತದೆ. ಜಾಹೀರಾತಿನಲ್ಲಿಯೂ ಇದು ಪಾಲನೆಯಾಗಬೇಕು.

ಹಾಲ್‌ಮಾರ್ಕ್ ಇದೆಯಲ್ಲ ಎಂದು ಹಲವರು ಧೈರ್ಯ ಹೇಳಿಕೊಳ್ಳುತ್ತಾರೆ. ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆಯಿರುವ ಆ ಮುದ್ರೆ ಹೇಳುವುದು ಚಿನ್ನದ ಶುದ್ಧತೆಯನ್ನು ಮಾತ್ರ. ಅದರಲ್ಲಿ ಕೂರಿಸಿದ ಹರಳಿನ ಬಗ್ಗೆ ಅದು ಚಕಾರ ಎತ್ತುವುದಿಲ್ಲ. ಚಿನ್ನದ ಸಾಲಕ್ಕೆ ಬ್ಯಾಂಕಿಗೋ ಸೊಸೈಟಿಗೋ ಹೋದಾಗ ಅಲ್ಲಿನ ಸರಾಫರು ಮಾಡುವ ಮೊದಲ ಕೆಲಸ ಕಲ್ಲಿನ ತೂಕ ಕಳೆಯುವುದು, ವಜ್ರಕ್ಕೆ ಅಲ್ಲಿ ಒಂದು ರೂಪಾಯಿಯ ಬೆಲೆಯೂ ಇಲ್ಲ. ಕೊಳ್ಳುವಾಗಲೂ ಅದೇ ಲೆಕ್ಕ ಹಾಕಿ: ಒಟ್ಟು ತೂಕ 12.460 ಗ್ರಾಂ, ವಜ್ರ 1.80 ಕ್ಯಾರೆಟ್ ಅಂದರೆ 0.360 ಗ್ರಾಂ, ಹಾಗಾಗಿ ಚಿನ್ನದ ದರ ಬೀಳಬೇಕಾದದ್ದು 12.100 ಗ್ರಾಂಗೆ. ಕಳೆಯದೇ ಬಿಟ್ಟ ಬಿಲ್ಲಿನಲ್ಲಿ ವಜ್ರಕ್ಕೆ ಒಮ್ಮೆ ವಜ್ರದ ದರ, ಇನ್ನೊಮ್ಮೆ ಚಿನ್ನದ ದರ ತೆತ್ತಂತಾಗುತ್ತದೆ.

ವರದಿ ಕೊಡುವ ಪ್ರಯೋಗಾಲಯಗಳೆಲ್ಲ ಒಂದೇ ಕಟ್ಟುನಿಟ್ಟಿನವಲ್ಲ. ಒಂದೇ ಹರಳಿಗೆ ಒಂದು ಕಡೆ ‘ಜಿ’, ಇನ್ನೊಂದು ಕಡೆ ‘ಎಫ್’ ಸಿಗುವುದು ಅಪರೂಪವಲ್ಲ, ಏಕೆಂದರೆ ತರ ಎನ್ನುವುದು ಕೊನೆಗೂ ತರಬೇತಿ ಪಡೆದ ಕಣ್ಣುಗಳ ಅಭಿಪ್ರಾಯ. ಆದ್ದರಿಂದ ಬಿಲ್ಲಿನಲ್ಲಿ ‘ಸರ್ಟಿಫೈಡ್’ ಎಂಬ ಪದದ ಬದಲು ಯಾವ ಪ್ರಯೋಗಾಲಯ, ವರದಿಯ ಸಂಖ್ಯೆ ಎಷ್ಟು ಎಂಬುದಿರಬೇಕು. ದೊಡ್ಡ ಹರಳುಗಳ ಸೊಂಟದ ಮೇಲೆ ಆ ಸಂಖ್ಯೆಯನ್ನು ಲೇಸರ್‌ನಿಂದ ಕೊರೆದಿರುತ್ತಾರೆ. ಅಂಗಡಿಯವರಿಂದ ಲೂಪ್ ಕೇಳಿ ಪಡೆದು ನೋಡಬಹುದು, ಪ್ರಯೋಗಾಲಯದ ಜಾಲತಾಣದಲ್ಲಿ ಸಂಖ್ಯೆ ಹಾಕಿ ತೂಕ, ಅಳತೆ ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸಬಹುದು. ಗಣಿಯ ವಜ್ರದ ಸಂಖ್ಯೆಯನ್ನು ಬೆಳೆಸಿದ ಹರಳಿನ ಮೇಲೆ ಕೊರೆದು ಮಾರಿದ ಪ್ರಕರಣಗಳೂ ಪತ್ತೆಯಾಗಿರುವುದರಿಂದ ಸಂಖ್ಯೆ ಸಿಕ್ಕಿತೆಂದು ಅಲ್ಲಿಗೇ ನಿಲ್ಲದೆ ಅಳತೆಯನ್ನೂ ತಾಳೆ ನೋಡುವುದು ಒಳ್ಳೆಯದು.

ಎರಡೂ ಜಿಲ್ಲೆಗಳ ಆಭರಣ ವ್ಯಾಪಾರಿಗಳಲ್ಲಿ ನನ್ನ ಕೋರಿಕೆ ಇಷ್ಟು. ಮೂವತ್ತು ಸೆಂಟಿಗಿಂತ ದೊಡ್ಡ ಪ್ರತಿಯೊಂದು ಹರಳಿಗೂ ಬಿಲ್ಲಿನಲ್ಲಿ ತೂಕ, ಬಣ್ಣ, ಕ್ಲಾರಿಟಿಗಳ ಜೊತೆ ಕಟ್ಟಿಂಗ್‌ನ ತರವನ್ನೂ ಬರೆಯಲಿ. ಸಣ್ಣ ಹರಳುಗಳಿಗೆ ಒಟ್ಟು ತೂಕದ ಜೊತೆ ಸಂಖ್ಯೆಯನ್ನೂ, ಎರಡು ತರಗಳನ್ನು ಜೋಡಿಸಿ ಹೇಳುವಾಗ ಕೆಳಗಿನ ತರವನ್ನು ಮೊದಲೂ ಬರೆಯಲಿ. ಗಣಿಯದ್ದೋ ಬೆಳೆಸಿದ್ದೋ ಎಂಬುದು ಕನ್ನಡದಲ್ಲಿರಲಿ. ವಾಪಸು ಕೊಂಡರೆ ಯಾವ ದಿನದ ದರ, ಶೇಕಡಾ ಎಷ್ಟು ಕಡಿತ, ಹಣವೋ ವಿನಿಮಯ ಮಾತ್ರವೋ ಎಂಬುದನ್ನು ಮಾರುವಾಗಲೇ ಅದೇ ಕಾಗದದಲ್ಲಿ ಹೇಳಲಿ. ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಬೇಕಾಗಿ ಬಂದರೆ ಬಾಯಿಮಾತಿನ ಭರವಸೆಗಿಂತ ಆ ಕಾಗದವೇ ಆಧಾರ. ನಿಮ್ಮ ಜಾಹೀರಾತು ವಿಭಾಗವೂ ‘ಕ್ಯಾರೆಟ್‌ಗೆ ಇಷ್ಟು ರೂಪಾಯಿ’ ಎಂಬ ಸಾಲು ಬಂದಾಗ ಅದು ಎಷ್ಟು ಸೆಂಟಿನ, ಯಾವ ತರದ, ಗಣಿಯ ಅಥವಾ ಬೆಳೆಸಿದ ಹರಳಿನ ದರ ಎಂದು ಜಾಹೀರಾತುದಾರರನ್ನು ಕೇಳಿ, ಆ ವಿವರವನ್ನು ಅದೇ ಸಾಲಿನಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಸೇರಿಸುವಂತೆ ಮಾಡಬೇಕೆಂದು ವಿನಂತಿ.

ಇತಿ,
ನಿವೃತ್ತ ಭೂವಿಜ್ಞಾನ ಉಪನ್ಯಾಸಕ,
ಕುಂಜಿಬೆಟ್ಟು, ಉಡುಪಿ